ಘಾಟು ಹಾಕಿದರೆ ಹಕ್ಕಿ ಬರೋದಿಲ್ಲವೇ?

ಧಾರವಾಡದ ಕೆಲಗೇರಿ ಕಡೆಯ ಬಡಾವಣೆಯಿಂದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ:

‘ನಮಸ್ಕಾರ ಸರ್. ಮನಿ ಮುಂದ 30 ಅಡಿ ಉದ್ದ, 20 ಅಡಿ ಅಗಲ ಜಾಗಾದಾಗ ಹೋದ ವರ್ಷ ಲಾನ್ ಮಾಡಿಸೇವಿ. ಮೆಕ್ಸಿಕನ್ ಹುಲ್ಲು, ಕಾರ್ಪೆಟ್ ತಂದು ಹಾಸಿದ್ದು. ಈ ಮಳಿಗಾಲದಾಗ ಚೊಲೋ ಹಸರ ಆಗಿತ್ತು. ಆಗಸ್ಟ್ ಅರ್ಧ ಆದಮ್ಯಾಗ ಶುರುವಾತು ನೋಡ್ರಿ ಹಕ್ಕಿ ಕಾಟ. ದಿನಾ ಮುಂಜಾನೆ ಗೊರವಂಕದ ಹಿಂಡು ಬರ್ತೈತಿ, ಹಿಂದಿಂದ ಕಾಗಿ ಬರ್ತಾವ, ಹುಲ್ಲು ಕಿತ್ತು ಕಿತ್ತು ಒಗೀತಾವ. ಒಂದೊಂದ ಕಡೆ ಅಂಗೈ ಅಗಲ ಮಣ್ಣು ಕಾಣಾಕ ಹತ್ತೈತಿ. ಹಿತ್ತಲದಾಗ ಹಾಕಿದ ಮೆಂತೆ, ಪಾಲಕ ಗುಬ್ಬಿ ಪಾಲು. ಟೊಮ್ಯಾಟೊ ಪಿಕಳಾರದ ಪಾಲು. ಎರಡು ಸಲ ನವಿಲೂ ಬಂದು ಹೋಗ್ಯಾವ. ಅವರಿವರು ಹೇಳಿದ್ರು ಅಂತ ಡಾಂಬರ ಗುಳಿಗಿ ಇಟ್ಟೆ, ಫಿನೈಲ್ ಹೊಡದೆ, ಬೆಳ್ಳುಳ್ಳಿ ಅರದು ನೀರು ಸಿಂಪಡಿಸಿದೆ, ಬ್ಯಾಡಗಿ ಖಾರಪುಡಿ ಉದುರಿಸಿದೆ. ಯಾವುದಕ್ಕೂ ಜಗ್ಗವಲ್ವು. ಈಗ ಆನ್‌ಲೈನ್‌ನಾಗ ಪುದೀನಾ ಎಣ್ಣಿ ತರಿಸೇನಿ, ಇನ್ನೂ ಒಡದಿಲ್ಲ. ನೈಸರ್ಗಿಕ, ಹಕ್ಕಿ ಹತ್ತಿರ ಸುಳಿಯೋದಿಲ್ಲ ಅಂತ ಅದರ ಮ್ಯಾಲೆ ಬರದೈತಿ. ಮೂರು ವರ್ಷದ ಮೊಮ್ಮಗ ಅಲ್ಲೇ ಆಡ್ತಾನ, ನಾಯಿ ಐತಿ, ಬೆಕ್ಕೂ ಐತಿ. ಹಕ್ಕಿಗೂ ಏನೂ ಆಗಬಾರದು. ಖರೇನ ವಾಸನಿಗೆ ಹಕ್ಕಿ ದೂರ ಇರ್ತಾವೇನ್ರಿ? ಇದ್ರ, ಯಾವ ವಾಸನಿ?’

ಅಕ್ಕೋರೇ, ಮೊದಲು ಒಂದು ಕೆಲಸ ಮಾಡಿಬಿಡಿ. ಹುಲ್ಲಿನಲ್ಲಿ ಇಟ್ಟ ಡಾಂಬರ ಗುಳಿಗೆಗಳನ್ನೆಲ್ಲ ಇವತ್ತೇ ಆರಿಸಿ ತೆಗೆಯಿರಿ. ಉಳಿದದ್ದನ್ನು ಆಮೇಲೆ ನಿಧಾನವಾಗಿ ಓದಬಹುದು.

ಡಾಂಬರ ಗುಳಿಗೆ, ಅಂದರೆ ನ್ಯಾಫ್ಥಲಿನ್, ಮುಚ್ಚಿದ ಟ್ರಂಕಿನಲ್ಲಿ ಕೆಲಸ ಮಾಡುವ ವಸ್ತು. ಅದರ ಆವಿ ಒಳಗೇ ತುಂಬಿಕೊಂಡು ಬಟ್ಟೆ ತಿನ್ನುವ ಹುಳು ಸಾಯುತ್ತದೆ. ಬಯಲಲ್ಲಿ ಇಟ್ಟರೆ ಆ ಆವಿ ಎಲ್ಲಿ ನಿಂತೀತು? ಅದರಲ್ಲೂ ಧಾರವಾಡದ ಮಳೆಗಾಲದ ಗಾಳಿ ನಿಮಗೆ ಗೊತ್ತೇ ಇದೆ. ನೆಹರೂ ಮೈದಾನದ ನಡುವೆ ಒಂದು ಊದಿನಕಡ್ಡಿ ಹಚ್ಚಿಟ್ಟ ಹಾಗೆ ಅದು. ಹಕ್ಕಿಗೆ ಏನೂ ಆಗುವುದಿಲ್ಲ, ಆದರೆ ಮೂರು ವರ್ಷದ ಮಗುವಿನ ಕಣ್ಣಿಗೆ ಅದು ಪೆಪ್ಪರ್‌ಮಿಂಟ್. ಒಂದು ಗುಳಿಗೆ ನುಂಗಿದರೂ ರಕ್ತದ ಕೆಂಪು ಕಣಗಳು ಒಡೆಯುವ ಅಪಾಯವಿದೆ. ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದ ಇರುವ ಮಕ್ಕಳಿಗಂತೂ ಇದು ಬಹಳ ಬೇಗ ಗಂಭೀರವಾಗುತ್ತದೆ. ಆ ಕೊರತೆ ಇದೆಯೆಂದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ. ನಾಯಿಗೂ ಇದು ವಿಷವೇ. ಮಗು ನುಂಗಿದ ಅನುಮಾನ ಬಂದರೂ ಸಾಕು, ಮನೆಮದ್ದು ಮಾಡುತ್ತ ಕೂರದೆ ಗುಳಿಗೆಯ ಪೊಟ್ಟಣದ ಸಮೇತ ಆಸ್ಪತ್ರೆಗೆ ಹೋಗಬೇಕು.

ಇನ್ನು ನಿಮ್ಮ ಪ್ರಶ್ನೆ. ಹಕ್ಕಿಗೆ ಮೂಗೇ ಇಲ್ಲ ಎನ್ನುವವರಿದ್ದಾರೆ. ಕೆಟ್ಟ ವಾಸನೆ ಬಂದರೆ ಹಕ್ಕಿ ಓಡುತ್ತದೆ ಎನ್ನುವವರೂ ಇದ್ದಾರೆ. ಒಂದೇ ಮನೆಯಲ್ಲಿ ಎರಡೂ ಮಾತು ಕೇಳಿದ್ದೇನೆ. ಎರಡೂ ಸರಿಯಲ್ಲ.

ಮೂಗಿಲ್ಲ ಎಂಬ ನಂಬಿಕೆಗೆ ದೊಡ್ಡ ಚರಿತ್ರೆಯೇ ಇದೆ. 1820ರ ದಶಕದಲ್ಲಿ ಅಮೆರಿಕದ ಪಕ್ಷಿ ಚಿತ್ರಕಾರ ಆಡುಬಾನ್ ಕೊಳೆತ ಪ್ರಾಣಿಯನ್ನು ಮರೆಮಾಡಿ ಇಟ್ಟು, ರಣಹದ್ದು ಬರಲಿಲ್ಲವೆಂದು ಅದಕ್ಕೆ ವಾಸನೆ ತಿಳಿಯುವುದಿಲ್ಲ ಎಂದುಬಿಟ್ಟರು. ಆ ಮಾತು ನೂರು ವರ್ಷಕ್ಕೂ ಮೀರಿ ನಡೆಯಿತು. 1960ರ ದಶಕದಲ್ಲಿ ಕೆನೆತ್ ಸ್ಟೇಗರ್ ಎಂಬ ವಿಜ್ಞಾನಿ, ಅದೇ ದೇಶದ ಟರ್ಕಿ ರಣಹದ್ದು ಮರ್ಕ್ಯಾಪ್ಟನ್ ವಾಸನೆಯ ಜಾಡು ಹಿಡಿದು ಬರುತ್ತದೆಂದು ತೋರಿಸಿದರು. ಗ್ಯಾಸ್ ಸೋರಿದರೆ ನಮಗೆ ಗೊತ್ತಾಗಲಿ ಅಂತ ಬೆರೆಸುತ್ತಾರಲ್ಲ, ಆ ಜಾತಿಯ ವಾಸನೆ. ಕೊಳೆಯುತ್ತಿರುವ ಮಾಂಸದಲ್ಲೂ ಅದು ಇರುತ್ತದೆ. ಅದೇ ಕಾಲದಲ್ಲಿ ಬೆಟ್ಸಿ ಬ್ಯಾಂಗ್ ಎಂಬಾಕೆ ಹಲವು ಜಾತಿಯ ಹಕ್ಕಿಗಳ ಮೆದುಳಿನಲ್ಲಿ ವಾಸನೆಯ ಭಾಗ ಎಷ್ಟಿದೆ ಎಂದು ಅಳೆದು ನೋಡಿದರು. ನ್ಯೂಜಿಲೆಂಡಿನ ಕಿವಿ ಹಕ್ಕಿಗೂ ಕಡಲ ಹಕ್ಕಿಗಳಿಗೂ ಅದು ದೊಡ್ಡದು. ಕಾಗೆ, ಗುಬ್ಬಿಯಂಥ ಹಕ್ಕಿಗಳಿಗೆ ತೀರ ಚಿಕ್ಕದು.

ಚಿಕ್ಕದು ಅಂದರೆ ಇಲ್ಲವೇ ಇಲ್ಲ ಅಂತಲ್ಲ. ಗೊರವಂಕದ ಸೋದರ ಸಂಬಂಧಿಯಾದ ಯುರೋಪಿನ ಸ್ಟಾರ್ಲಿಂಗ್ ಹಕ್ಕಿ ಘಾಟು ವಾಸನೆಯ ಎಲೆಗಳನ್ನೇ ಹುಡುಕಿ, ವಾಸನೆಯಿಂದಲೇ ಗುರುತು ಹಿಡಿದು ತಂದು ಗೂಡಿಗೆ ಹಾಸುತ್ತದೆ. ಈಗ ನೀವೇ ಹೇಳಿ, ಘಾಟನ್ನು ತಾನಾಗಿ ಮನೆಗೆ ತಂದುಕೊಳ್ಳುವ ಕುಲದ ಹಕ್ಕಿ ನಿಮ್ಮ ಬೆಳ್ಳುಳ್ಳಿ ನೀರಿಗೆ ಬೆದರೀತೇ? ಈ ಹಕ್ಕಿಗಳು ಎಲ್ಲಿ ಇಳಿಯಬೇಕು, ಯಾವಾಗ ಹಾರಬೇಕು ಎಂಬುದನ್ನೆಲ್ಲ ಕಣ್ಣಿನಿಂದ ತೀರ್ಮಾನಿಸುತ್ತವೆ. ನಮ್ಮ ಮೂಗಿಗೆ ಏನು ತಡೆಯಲಾಗದೋ ಅದು ಹಕ್ಕಿಗೂ ತಡೆಯದು ಅಂತ ನಾವು ಅಂದುಕೊಳ್ಳುತ್ತೇವೆ. ಅಂಗಡಿಯವರು ಮಾರುವುದೂ ಆ ಅಂದಾಜಿನ ಮೇಲೆಯೇ.

ಖಾರಪುಡಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ನಮ್ಮ ಕಡೆ ಎಲ್ಲರೂ ಮೊದಲು ಕೈ ಹಾಕುವುದು ಅದಕ್ಕೇ. ಮೆಣಸಿನಕಾಯಿಯ ಉರಿಗೆ ಕಾರಣ ಕ್ಯಾಪ್ಸೈಸಿನ್. ಅದು ನಮ್ಮ ನಾಲಿಗೆ, ಮೂಗು, ಕಣ್ಣಿನ ನರದ ತುದಿಯಲ್ಲಿರುವ ಒಂದು ಗ್ರಾಹಕಕ್ಕೆ ಅಂಟಿಕೊಂಡು ‘ಸುಡುತ್ತಿದೆ’ ಎಂಬ ಸುದ್ದಿ ಕಳಿಸುತ್ತದೆ. ಆ ಗ್ರಾಹಕವನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. 2002ರಲ್ಲಿ ಅವರದೇ ಪ್ರಯೋಗಾಲಯ ಇನ್ನೊಂದು ಸಂಗತಿ ತೋರಿಸಿತ್ತು: ಹಕ್ಕಿಯಲ್ಲೂ ಆ ಗ್ರಾಹಕ ಇದೆ, ಬೆಂಕಿಯ ಬಿಸಿ ಅದಕ್ಕೆ ತಿಳಿಯುತ್ತದೆ, ಆದರೆ ಕ್ಯಾಪ್ಸೈಸಿನ್ ಅದಕ್ಕೆ ತಾಗುವುದೇ ಇಲ್ಲ. ಅಂದರೆ ಗಿಳಿಗೆ ಮೆಣಸಿನಕಾಯಿ ಖಾರವೇ ಅಲ್ಲ. ಕುಂದಗೋಳ, ಶಿರಹಟ್ಟಿ ಕಡೆ ಮೆಣಸಿನಕಾಯಿ ಹೊಲ ಕಾಯ್ದವರನ್ನು ಕೇಳಿದರೆ ನೊಬೆಲ್ ಇಲ್ಲದೆಯೂ ಇದನ್ನು ಹೇಳುತ್ತಾರೆ.

ಗಿಡದ ಲೆಕ್ಕಾಚಾರವೂ ಇದರಲ್ಲಿದೆ. ಇಲಿ, ಹೆಗ್ಗಣದಂಥವು ಬೀಜವನ್ನು ಹಲ್ಲಿನಲ್ಲಿ ಅರೆದು ಹಾಳು ಮಾಡುತ್ತವೆ. ಹಕ್ಕಿ ಇಡಿಯಾಗಿ ನುಂಗಿ ದೂರ ಹೋಗಿ ಹಿಕ್ಕೆ ಹಾಕುತ್ತದೆ, ಬೀಜ ಅಲ್ಲಿ ಮೊಳೆಯುತ್ತದೆ. ಹಲ್ಲಿದ್ದವರನ್ನು ದೂರ ಇಟ್ಟು ಕೊಕ್ಕಿದ್ದವರನ್ನು ಕರೆಯುವುದಕ್ಕೇ ಮೆಣಸಿನಕಾಯಿಗೆ ಖಾರ ಬಂದಿದೆ ಎಂದು ಟ್ಯೂಕ್ಸ್‌ಬರಿ ಮತ್ತು ನಭಾನ್ ಎಂಬಿಬ್ಬರು 2001ರಲ್ಲಿ ಕಾಡು ಮೆಣಸಿನ ಗಿಡಗಳ ಮೇಲೆ ನೋಡಿ ಬರೆದರು. ಹಾಗಾಗಿ ನೀವು ಉದುರಿಸಿದ ಪುಡಿ ಗೊರವಂಕಕ್ಕೆ ಏನೂ ಅಲ್ಲ. ನಿಮ್ಮ ನಾಯಿಯ ಮೂಗಿಗೆ, ಮೊಮ್ಮಗನ ಕಣ್ಣಿಗೆ ಮಾತ್ರ ಉರಿ. ಮೇಲಾಗಿ ಬ್ಯಾಡಗಿ ಹೆಸರಾಗಿರುವುದು ಬಣ್ಣಕ್ಕೆ, ಖಾರಕ್ಕಲ್ಲ. ಒಳ್ಳೆಯ ಡಬ್ಬಿ ಕಾಯಿ ಪುಡಿ ಮಣ್ಣುಪಾಲಾಯಿತಲ್ಲ ಅಂತ ನನಗೆ ಅದೇ ಸಂಕಟ. ಅಳಿಲಿನ ಕಾಟವಿದ್ದರೆ ಖಾರ ಉಪಯೋಗಕ್ಕೆ ಬರುತ್ತದೆ, ಆ ಮಾತಿಗೆ ಮುಂದೆ ಬರುತ್ತೇನೆ.

ಫಿನೈಲ್ ಬೇಡವೇ ಬೇಡ. ಅದು ನೆಲ ಒರೆಸುವುದಕ್ಕೆ ಇರುವಂಥದ್ದು. ಹುಲ್ಲಿನ ಬೇರು ಸುಡುತ್ತದೆ, ಎರೆಹುಳು ಸಾಯುತ್ತದೆ, ನೆಕ್ಕಿಕೊಂಡು ಮೈ ಚೊಕ್ಕ ಮಾಡಿಕೊಳ್ಳುವ ಬೆಕ್ಕಿನ ಹೊಟ್ಟೆಗೆ ಪಂಜಿನ ಮೂಲಕ ಹೋಗುತ್ತದೆ. ಪುದೀನಾ ಎಣ್ಣೆಗೂ ಇದೇ ಮಾತು. ನೈಸರ್ಗಿಕ ಎಂದು ಬರೆದ ಮಾತ್ರಕ್ಕೆ ಸೌಮ್ಯ ಅಂತಲ್ಲ. ಇಂಥ ಗಟ್ಟಿ ಸುಗಂಧ ತೈಲಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಎಲೆಯ ಮೇಲೆ ದಪ್ಪಗೆ ಬಿದ್ದರೆ ಎಲೆಯೂ ಕಂದುತ್ತದೆ. ಬಾಟಲಿ ಒಡೆದಿಲ್ಲ ಎಂದಿದ್ದೀರಿ, ವಾಪಸು ಮಾಡಲು ಬರುತ್ತದೇನೋ ನೋಡಿ. ಬೆಳ್ಳುಳ್ಳಿಯೂ ನಾಯಿ, ಬೆಕ್ಕಿನ ಹೊಟ್ಟೆಗೆ ಹೆಚ್ಚು ಹೋದರೆ ವಿಷವೇ. ಬೆಳ್ಳುಳ್ಳಿ ಎಣ್ಣೆಯನ್ನು ಕಾಳಿಗೇ ಬೆರೆಸಿ ಇಟ್ಟರೆ ಕೆಲವು ಹಕ್ಕಿ ಕಡಿಮೆ ತಿನ್ನುತ್ತವೆ, ಅದು ನಿಜ. ಅದು ಬಾಯಿಗೆ ಹೋದಾಗಿನ ಮಾತು. ಹುಲ್ಲಿನ ಮೇಲೆ ಸಿಂಪಡಿಸಿದ ನೀರು ಮುಂದಿನ ಸೋನೆ ಮಳೆಗೆ ತೊಳೆದು ಹೋಯಿತು.

ಹಾಗಾದರೆ ಹಕ್ಕಿಗೆ ತಾಗುವ ವಾಸನೆ ಯಾವುದೂ ಇಲ್ಲವೇ ಅಂದರೆ, ಒಂದಿದೆ. ಅದರ ಹೆಸರು ಮೀಥೈಲ್ ಆಂಥ್ರನಿಲೇಟ್. ದ್ರಾಕ್ಷಿಯ ಕೆಲವು ತಳಿಗಳಲ್ಲಿ, ಮಲ್ಲಿಗೆಯಲ್ಲಿ, ಕಿತ್ತಳೆ ಹೂವಿನಲ್ಲಿ ಇರುವ ವಸ್ತು. ದ್ರಾಕ್ಷಿ ಚಾಕಲೇಟು, ಶರಬತ್ತಿಗೆ ಆ ಪರಿಮಳ ಬರುವುದು ಬಹುಪಾಲು ಇದರಿಂದ. ನಮಗೆ ಘಮ, ಹಕ್ಕಿಗೆ ಉರಿ. ಮೆಣಸಿನಕಾಯಿಯ ಕಥೆ ಇಲ್ಲಿ ತಿರುವುಮುರುವು. ಗಮನಿಸಿ, ಇದು ಹಕ್ಕಿಯ ಮೂಗಿಗೆ ಕೆಟ್ಟ ವಾಸನೆಯಾಗಿ ಓಡಿಸುವುದಲ್ಲ. ಕೊಕ್ಕು, ಬಾಯಿ, ಕಣ್ಣಿನ ಸುತ್ತ ನೋವನ್ನು ತಿಳಿಸುವ ಟ್ರೈಜೆಮಿನಲ್ ನರವನ್ನು ಕೆಣಕುತ್ತದೆ. ಅಮೆರಿಕದಲ್ಲಿ ಇದನ್ನು ಹುಲ್ಲುಹಾಸಿಗೆ ಹೊಡೆಯುವುದು ಮುಖ್ಯವಾಗಿ ಕೆನಡಾ ಹೆಬ್ಬಾತುಗಳ ಕಾಟಕ್ಕೆ. ಆನ್‌ಲೈನ್ ಸಲಹೆಗಳೆಲ್ಲ ಅಲ್ಲಿಂದ ಹರಿದು ಬಂದವು.

ಆದರೆ ಹೆಬ್ಬಾತು ಹುಲ್ಲನ್ನೇ ಮೇಯುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳೂ ಹಾಗೆಯೇ, ಸುತ್ತಲ ಹೊಲಕ್ಕಿಳಿದು ಎಳೆ ಪೈರು ಮೇಯುತ್ತವೆ. ಅಂಥ ಹಕ್ಕಿಗೆ ಔಷಧಿ ಹೊಡೆದ ಹುಲ್ಲು ನೇರ ಬಾಯಿಗೆ ಹೋಗುತ್ತದೆ, ಉರಿ ತಾಗುತ್ತದೆ, ಬಿಟ್ಟು ಹೋಗುತ್ತದೆ. ನಿಮ್ಮ ಗೊರವಂಕ ಹುಲ್ಲು ತಿನ್ನುವುದಿಲ್ಲ. ಅದಕ್ಕೆ ಬೇಕಾದ್ದು ಎರಡು ಇಂಚು ಕೆಳಗಿದೆ, ಹುಲ್ಲು ಬರೀ ಮುಚ್ಚಳ. ಮುಚ್ಚಳಕ್ಕೆ ಏನು ಬಳಿದರೂ ಒಳಗಿನ ತಿಂಡಿ ಹಾಗೇ ಇರುತ್ತದೆ.

ಅಷ್ಟಾಗಿಯೂ ಹೊಡೆದು ನೋಡುತ್ತೇನೆ ಅಂದರೆ, ಬಿಸಿಲಿಗೆ ಅದು ಕೆಲವೇ ದಿನದಲ್ಲಿ ಕರಗುತ್ತದೆ, ಮಳೆ ಬಂದರೆ ಮತ್ತೆ ಹೊಡೆಯಬೇಕು, ಹದ ತಪ್ಪಿ ಗಟ್ಟಿಯಾದರೆ ಎಲೆ ಸುಡುತ್ತದೆ. ಡಬ್ಬಿಯ ಮೇಲೆ ವಸ್ತುವಿನ ಹೆಸರು, ಪ್ರಮಾಣ, ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ಸಂಖ್ಯೆ ಇಲ್ಲದಿದ್ದರೆ ಕೊಳ್ಳಬೇಡಿ. ದ್ರಾಕ್ಷಿ ಶರಬತ್ತಿನ ಪುಡಿ ಕಲಸಿ ಹೊಡೆಯಿರಿ ಎಂಬ ವಿಡಿಯೊ ನೋಡಿದವರು ನನ್ನನ್ನೂ ಕೇಳಿದ್ದಾರೆ. ಅದರಲ್ಲಿ ಸಕ್ಕರೆಯೇ ಹೆಚ್ಚು. ಹಕ್ಕಿ ಹೋಗುವುದಿಲ್ಲ, ಇರುವೆ ಬರುತ್ತವೆ. ಮಲ್ಲಿಗೆಯಲ್ಲೂ ಇದೆಯಲ್ಲ, ಬಳ್ಳಿ ಹಚ್ಚಲೇ ಅಂತ ಕೇಳಬೇಡಿ. ಮಲ್ಲಿಗೆ ಬಳ್ಳಿಯ ಒಳಗೇ ಪಿಕಳಾರ ಗೂಡು ಕಟ್ಟುತ್ತದೆ.

ಈಗ ಆ ಮುಚ್ಚಳ ತೆಗೆಯೋಣ. ಆಗಸ್ಟ್ ಅರ್ಧದ ನಂತರ, ಹಿಂಡಾಗಿ, ದಿನಾ ಅದೇ ಜಾಗಕ್ಕೆ, ಹುಲ್ಲು ಕಿತ್ತು ಕೆಳಗೆ ಕುಕ್ಕುವುದು. ನಿಮ್ಮ ಪತ್ರದ ಈ ವಿವರ ಓದುವಾಗಲೇ ನನಗೆ ಗೊಣ್ಣೆ ಹುಳುವಿನ ಅನುಮಾನ ಬಂತು. ರೋಹಿಣಿ ಮಳೆಯ ಹೊತ್ತಿಗೆ ಸಂಜೆ ಕತ್ತಲಾಗುತ್ತಲೇ ಕಂದು ದುಂಬಿಗಳು ಮಣ್ಣಿನಿಂದ ಎದ್ದು ದೀಪಕ್ಕೆ ಬಡಿದುಕೊಳ್ಳುತ್ತವಲ್ಲ, ಅವುಗಳ ಮರಿ ಇದು. ದುಂಬಿ ರಾತ್ರಿ ಬೇವು, ಬಾರಿ, ಜಾಲಿ ಗಿಡದ ಎಲೆ ತಿಂದು ನೆಲಕ್ಕಿಳಿದು ಮೊಟ್ಟೆಯಿಡುತ್ತದೆ. ಮರಿ ಮೊದಮೊದಲು ಮಣ್ಣಿನ ಕೊಳೆತ ಕಸ ತಿಂದುಕೊಂಡು ಸುಮ್ಮನಿರುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ದಪ್ಪಗಾಗಿ ಬೇರಿಗೆ ಬಾಯಿ ಹಾಕುತ್ತದೆ. ಹಕ್ಕಿಗೆ ಅದು ಮೈತುಂಬಾ ಕೊಬ್ಬಿರುವ ಊಟ, ಮರಿಗೊರವಂಕಗಳೂ ಆ ಹೊತ್ತಿಗೆ ಹಿಂಡಿಗೆ ಸೇರಿರುತ್ತವೆ. ಕಾಗೆ ಗೊರವಂಕವನ್ನು ನೋಡಿ ಬರುತ್ತದೆ. ಕಿತ್ತ ಹುಲ್ಲನ್ನು ನೋಡಿ ಹಕ್ಕಿ ಲಾನ್ ಹಾಳು ಮಾಡಿತು ಅಂತ ನಮಗೆ ಅನ್ನಿಸುತ್ತದೆ. ಬೇರು ಗಟ್ಟಿ ಇರುವ ಹುಲ್ಲನ್ನು ಗೊರವಂಕ ಕೀಳಲಾರದು. ಬೇರನ್ನು ಕೆಳಗಿನಿಂದ ಮೊದಲೇ ಯಾರೋ ಕತ್ತರಿಸಿರಬೇಕು.

ನೋಡುವುದು ಹೀಗೆ. ಹಕ್ಕಿ ಕೆದರಿದ ಜಾಗದ ಅಂಚಿನಲ್ಲಿ, ಇನ್ನೂ ಹಸಿರಿರುವ ಕಡೆ, ಒಂದು ಅಡಿ ಚೌಕ ಗುರುತು ಮಾಡಿ. ಕುರ್ಪಿಯಿಂದ ಮೂರು ಬದಿ ಮೂರು ಇಂಚು ಆಳಕ್ಕೆ ಕೊಯ್ದು ನಾಲ್ಕನೇ ಬದಿಗೆ ಮಗುಚಿ. ಎಳೆದ ಕೂಡಲೇ ಹುಲ್ಲು ಸಲೀಸಾಗಿ ಕೈಗೆ ಬಂದರೆ ಅರ್ಧ ಉತ್ತರ ಸಿಕ್ಕಿತು. ಮಣ್ಣನ್ನು ಬೆರಳಲ್ಲಿ ಬಿಡಿಸಿ ನೋಡಿ. ಬಿಳಿ ಮೈ, ಕಂದು ತಲೆ, ಹಿಂಭಾಗ ಒಳಗಿನ ಮಣ್ಣಿನಿಂದ ಕಪ್ಪಗೆ ಕಾಣುವ, ಅರ್ಧ ಬಳೆಯಂತೆ ಮುದುಡಿದ ಹುಳು ಕಂಡರೆ ಎಣಿಸಿ. ಇದೇ ರೀತಿ ಇನ್ನೆರಡು ಕಡೆ ಮಾಡಿ.

ಎಣಿಸುವ ಮೊದಲು ಒಂದು ಪರೀಕ್ಷೆ ಇದೆ, ಮೊಮ್ಮಗನಿಗೂ ತೋರಿಸಿ, ಅವನಿಗೆ ಇಷ್ಟವಾಗುತ್ತದೆ. ಹುಳುವನ್ನು ಸಿಮೆಂಟ್ ಕಟ್ಟೆಯ ಮೇಲೆ ಬಿಡಿ. ಅದು ಅಂಗಾತ ತಿರುಗಿ, ಕಾಲು ಆಕಾಶಕ್ಕೆ ಮಾಡಿ, ಬೆನ್ನಿನ ಮೇಲೆ ತೆವಳುತ್ತ ಹೋದರೆ ಅದು ಹೂದುಂಬಿಯ ಮರಿ. ಕೊಳೆತ ಗೊಬ್ಬರ ತಿಂದು ಬದುಕುವಂಥದ್ದು, ನಿಮ್ಮ ಹುಲ್ಲಿಗೆ ಉಪದ್ರವವಿಲ್ಲ. ಲಾನ್ ಹಾಸುವಾಗ ಕೆಳಗೆ ಅರೆಗಳಿತ ತಿಪ್ಪೆಗೊಬ್ಬರ ಹಾಕಿಸಿದ್ದರೆ ಇವು ಬಂದೇ ಬಂದಿರುತ್ತವೆ, ಅದನ್ನು ಎತ್ತಿ ಗೊಬ್ಬರದ ಗುಂಡಿಗೆ ಹಾಕಿ. ಒಂದು ಮಗ್ಗುಲಿಗೆ ಬಿದ್ದು ಮುದುಡಿಕೊಂಡೇ ಒದ್ದಾಡುತ್ತಿದ್ದರೆ ಅದು ಬೇರು ತಿನ್ನುವ ಗೊಣ್ಣೆ. ಲೆಕ್ಕಕ್ಕೆ ಇದನ್ನು ಮಾತ್ರ ಹಿಡಿಯಿರಿ.

ಚದರ ಅಡಿಗೆ ಐದರ ಒಳಗಿದ್ದರೆ ಚೆನ್ನಾಗಿ ಬೆಳೆದ ಹುಲ್ಲು ತಾನೇ ತಾಳಿಕೊಳ್ಳುತ್ತದೆ. ಗೊರವಂಕಕ್ಕೆ ಬಿಟ್ಟುಬಿಡಿ, ಅದು ಕೂಲಿಯಿಲ್ಲದೆ ಆರಿಸುತ್ತದೆ. ಕಿತ್ತ ಹುಲ್ಲನ್ನು ಅದೇ ದಿನ ಕಾಲಲ್ಲಿ ಒತ್ತಿ ನೀರು ಹಾಕಿದರೆ ಮತ್ತೆ ಹಿಡಿದುಕೊಳ್ಳುತ್ತದೆ, ಮರುದಿನಕ್ಕೆ ಬಿಟ್ಟರೆ ಒಣಗುತ್ತದೆ. ಹತ್ತು ದಾಟಿದರೆ ಮದ್ದು ಬೇಕು. ಮೆಟಾರೈಜಿಯಂ ಎಂಬ ಶಿಲೀಂಧ್ರದ ಪುಡಿ ಸಿಗುತ್ತದೆ, ಗೊಣ್ಣೆಗೆ ರೋಗ ತಂದು ಕೊಲ್ಲುವಂಥದ್ದು. ಪೂರ್ತಿ ಕಳಿತ ಗೊಬ್ಬರದಲ್ಲಿ ಕಲಸಿ, ಮಣ್ಣು ತೇವ ಇರುವಾಗ, ಸಂಜೆ ಹೊತ್ತಿನಲ್ಲಿ ಹರಡಿ ನೀರು ಕೊಡಬೇಕು. ಬಿಸಿಲಿಗೆ ಬಿದ್ದರೆ ಅದು ಸತ್ತುಹೋಗುತ್ತದೆ. ಪ್ರಮಾಣ ಪೊಟ್ಟಣದ ಮೇಲಿದ್ದಷ್ಟೇ. ಹಿಂದೆಮುಂದೆ ಶಿಲೀಂಧ್ರನಾಶಕ ಹೊಡೆಯಬಾರದು, ಹೊಡೆದರೆ ದುಡ್ಡು ದಂಡ. ಫಲ ಕಾಣಲು ವಾರಗಳು ಬೇಕು, ಆತುರದವರಿಗೆ ಇದು ಹೇಳಿ ಮಾಡಿಸಿದ್ದಲ್ಲ. ಜೊತೆಗೆ ಬೇವಿನ ಹಿಂಡಿ ಹಾಕಿ. ಎಲ್ಲಿ ಒಳ್ಳೆಯ ಪುಡಿ ಸಿಗುತ್ತದೆ ಅಂತ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗದಲ್ಲಿ ಕೇಳಿ, ನಿಮಗೆ ನಡೆದು ಹೋಗುವಷ್ಟು ಅಲ್ಲದಿದ್ದರೂ ದೂರವೇನಲ್ಲ.

ಒಂದು ಎಚ್ಚರಿಕೆ ಕೊಡಲೇಬೇಕು. ಹಳ್ಳಿಯ ಕಡೆ ಯಾರಾದರೂ ‘ಫೋರೇಟ್ ಹರಳು ಉಳಿದಾವ, ಒಂದು ಹಿಡಿ ಒಗದ್ರ ಮುಗೀತು’ ಎಂದು ಕೊಟ್ಟಾರು. ಮುಟ್ಟಬೇಡಿ. ಅದು ಉಗ್ರ ಕೀಟನಾಶಕ, 2020ರ ಕೊನೆಗೆ ಅದರ ಬಳಕೆಯನ್ನೇ ದೇಶದಲ್ಲಿ ನಿಷೇಧಿಸಿದೆ. ವಿಷವುಂಡ ಗೊಣ್ಣೆಯನ್ನು ತಿಂದ ಹಕ್ಕಿ ಅಲ್ಲೇ ಬಿದ್ದು ಸಾಯುತ್ತದೆ, ಅದನ್ನು ಕಚ್ಚಿದ ನಾಯಿಯೂ ಸಾಯಬಹುದು, ಮಗು ಬರಿಗಾಲಲ್ಲಿ ಆಡುವ ಜಾಗ ಅದು.

ಮುಂದಿನ ವರ್ಷಕ್ಕೆ ಕೆಲಸ ಮೇ ಕೊನೆಯಲ್ಲೇ ಶುರುವಾಗಬೇಕು. ಮೊದಲ ದೊಡ್ಡ ಮಳೆಯಾದ ರಾತ್ರಿಗಳಲ್ಲಿ ಲಾನಿನ ಕಡೆಯ ದೀಪ ಆರಿಸಿಬಿಡಿ. ದೂರದಲ್ಲಿ ಒಂದು ಬಲ್ಬು ತೂಗುಬಿಟ್ಟು ಕೆಳಗೆ ಬುಟ್ಟಿಯಲ್ಲಿ ನೀರು, ಅದರ ಮೇಲೆ ಸ್ವಲ್ಪ ಸೀಮೆಎಣ್ಣೆ. ಬೇವಿನ ಗಿಡ ಇದ್ದರೆ ಕತ್ತಲಾದ ಮೇಲೆ ಕೊಂಬೆ ಅಲ್ಲಾಡಿಸಿ, ಉದುರಿದ ದುಂಬಿಗಳನ್ನೂ ಅದೇ ಬುಟ್ಟಿಗೆ ಹಾಕಿ. ಓಣಿಯವರೆಲ್ಲ ಕೂಡಿ ಮಾಡಿದರೆ ಚೊಲೋ. ನಿಮ್ಮೊಬ್ಬರ ಮನೆಯಲ್ಲಿ ಮಾಡಿದರೆ ಪಕ್ಕದ ಸೈಟಿನ ದುಂಬಿ ಬಂದು ಮೊಟ್ಟೆಯಿಡುವುದನ್ನು ತಡೆಯಲಾಗದು.

ಅಲ್ಲಿಯವರೆಗೆ ಕಿತ್ತುಹೋದ ತೇಪೆಗಳ ಮೇಲೆ ಕೋಳಿಗೂಡಿಗೆ ಬಳಸುವ ತಂತಿ ಜಾಳಿಗೆಯನ್ನು ನೆಲಕ್ಕೆ ಅಂಟುವಂತೆ ಹಾಸಿ ಮೊಳೆಕಡ್ಡಿ ಹೊಡೆದು ಎರಡು ಮೂರು ವಾರ ಬಿಡಿ. ಹುಲ್ಲು ಜಾಳಿಗೆಯ ಮೂಲಕ ಬೆಳೆಯುತ್ತದೆ, ಕೊಕ್ಕಿಗೆ ಕೆದರಲು ಆಗುವುದಿಲ್ಲ. ಅಂಚು ಎದ್ದು ನಿಲ್ಲದಂತೆ ನೋಡಿಕೊಳ್ಳಿ, ಮೊಮ್ಮಗ ಎಡವಿದರೆ ಹುಲ್ಲಿಗಿಂತ ದೊಡ್ಡ ತಾಪತ್ರಯ. ಹೊಳೆಯುವ ರಿಬ್ಬನ್ನು, ಹಳೆಯ ಸಿಡಿ, ಬೆದರುಗೊಂಬೆ ಇವೆಲ್ಲ ಕಣ್ಣಿಗೆ ಕೆಲಸ ಮಾಡುವಂಥವು, ಹಾಗಾಗಿ ವಾಸನೆಗಿಂತ ಎಷ್ಟೋ ವಾಸಿ. ಜೋಳದ ಹೊಲದಲ್ಲಿ ಕ್ಯಾಸೆಟ್ ರೀಲು ಬಿಗಿದು ಕಟ್ಟುತ್ತಿದ್ದರು, ಗಾಳಿಗೆ ಗುಂಯ್ ಅನ್ನುತ್ತ ಹೊಳೆಯುತ್ತಿತ್ತು. ಆದರೆ ಒಂದೇ ಕಡೆ ಬಿಟ್ಟರೆ ವಾರ ಹದಿನೈದು ದಿನಕ್ಕೆ ಹಕ್ಕಿಗೆ ರೂಢಿಯಾಗಿ ಬೆದರುಗೊಂಬೆಯ ತಲೆಯ ಮೇಲೇ ಕೂರುತ್ತವೆ. ಎರಡು ದಿನಕ್ಕೊಮ್ಮೆ ಜಾಗ ಬದಲಿಸುವ ವ್ಯವಧಾನ ಇದ್ದರೆ ಮಾತ್ರ ಕಟ್ಟಿ.

ಹಿತ್ತಲಿನ ಮಾತು ಇಷ್ಟು ಉದ್ದವಿಲ್ಲ. ಗುಬ್ಬಿಗೆ ಬೇಕಾದದ್ದು ಮೆಂತೆಯ ಎಳೆ ಚಿಗುರು, ಮೊದಲ ಮೂರು ವಾರ ಕಾಪಾಡಿದರೆ ಆಯಿತು. ಬಿದಿರಿನ ದಬ್ಬೆಯನ್ನು ಕಮಾನಿನಂತೆ ಬಗ್ಗಿಸಿ ಮಡಿಯ ಮೇಲೆ ಊರಿ, ಹಳೆಯ ಸೊಳ್ಳೆಪರದೆ ಹೊದಿಸಿ, ಸುತ್ತಲೂ ಕಲ್ಲು ಹೇರಿ. ಸೊಳ್ಳೆಪರದೆಯೇ ಯಾಕೆ ಅಂದರೆ ಅದರ ಕಣ್ಣು ಸಣ್ಣದು. ಅಗ್ಗಕ್ಕೆ ಸಿಗುವ ತೆಳ್ಳನೆಯ ಮೀನಿನ ಬಲೆಯನ್ನು ಸಡಿಲವಾಗಿ ಹೊದಿಸುವವರನ್ನು ನೋಡುತ್ತೇನೆ. ಕೇರೆಹಾವು ಅದರಲ್ಲಿ ತಲೆ ತೂರಿಸುತ್ತದೆ, ಮುಂದೆ ಹೋಗಲು ಮೈ ದಪ್ಪ, ಹಿಂದೆ ಬರಲು ಹುರುಪೆ ಸಿಕ್ಕಿಕೊಳ್ಳುತ್ತದೆ. ನಾವು ನೋಡುವುದರೊಳಗೆ ದಾರ ಮೈಗೆ ಕೊಯ್ದಿರುತ್ತದೆ. ಹಕ್ಕಿಗಳ ಕಾಲಿಗೂ ಅದೇ ಗತಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2021ರಿಂದ ಮನೆಯ ಹಣ್ಣಿನ ಗಿಡಕ್ಕೆ 5 ಮಿಲಿಮೀಟರಿಗಿಂತ ದೊಡ್ಡ ಕಣ್ಣಿನ ಬಲೆ ಹಾಕುವಂತಿಲ್ಲ. ನಿಮ್ಮ ಕಿರುಬೆರಳು ತೂರುವ ಬಲೆ ಬೇಡ, ಅಷ್ಟು ನೆನಪಿಟ್ಟರೆ ಸಾಕು.

ಟೊಮ್ಯಾಟೊ ಹಣ್ಣಿನ ಗಾಯ ಹತ್ತಿರದಿಂದ ನೋಡಿ. ಒಂದೋ ಎರಡೋ ಆಳದ ತೂತು ಬಿದ್ದು ಹಣ್ಣು ಗಿಡದಲ್ಲೇ ಇದ್ದರೆ ಹಕ್ಕಿ. ಅಂಚಿಗೆ ಹಲ್ಲಿನ ಗೆರೆ ಇದ್ದು ಅರ್ಧ ಹಣ್ಣೇ ಇಲ್ಲದಿದ್ದರೆ, ಕಾಯಿ ಎತ್ತಿಕೊಂಡು ಹೋಗಿದ್ದರೆ ಅಳಿಲು ಅಥವಾ ಇಲಿ. ಅದಾದರೆ ನಿಮ್ಮ ಖಾರಪುಡಿ ಉಪಯೋಗಕ್ಕೆ ಬಂತು, ಕಾಯಿಗೆ ನೀರಲ್ಲಿ ಕಲಸಿ ಬಳಿಯಿರಿ, ಮಳೆಯಾದ ಮೇಲೆ ಮತ್ತೊಮ್ಮೆ. ತಿನ್ನುವ ಮೊದಲು ತೊಳೆಯಲು ಮರೆಯಬೇಡಿ. ಪಿಕಳಾರವೇ ಆದರೆ ಹಣ್ಣು ಗಿಡದಲ್ಲಿ ಕೆಂಪಾಗುವವರೆಗೆ ಕಾಯಬೇಡಿ. ಬುಡದಲ್ಲಿ ಗುಲಾಬಿ ಬಣ್ಣ ತಿರುಗಿದೊಡನೆ ಕಿತ್ತು ಒಳಗಿಡಿ, ರುಚಿಗೆ ಏನೂ ಕೊರತೆಯಾಗದೆ ಹಣ್ಣಾಗುತ್ತದೆ. ಬೇಸಿಗೆಯಲ್ಲಿ ಹಕ್ಕಿಗಳು ಟೊಮ್ಯಾಟೊ ಕುಕ್ಕುವುದು ಎಷ್ಟೋ ಸಲ ಬಾಯಾರಿಕೆಗೆ. ಮಾರ್ಚ್ ಬಂತೆಂದರೆ ಗಿಡಗಳಿಂದ ದೂರ, ನೆರಳಲ್ಲಿ, ಬೆಕ್ಕಿನ ಕೈಗೆ ಸಿಗದ ಎತ್ತರದಲ್ಲಿ ಒಂದು ಮಣ್ಣಿನ ಪರಿಯಾಣದಲ್ಲಿ ನೀರಿಡಿ. ಕಂಪೌಂಡ್ ಗೋಡೆಯ ಮೇಲೆ ಕಾಗೆಗೆ ಅನ್ನ ಇಡುವ ರೂಢಿ ಇದ್ದರೆ ಬಿಡಿ ಅನ್ನುವುದಿಲ್ಲ, ಮಾಳಿಗೆಯ ಮೇಲೆ ಇಡಿ. ಲಾನಿನ ಪಕ್ಕ ಇಟ್ಟರೆ ನಾವೇ ಕರೆದಂತೆ.

ನವಿಲಿನ ವಿಷಯದಲ್ಲಿ ಮಾತ್ರ ಕೈ ಕಟ್ಟಿಕೊಂಡಿರಬೇಕು. 1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಹಿಡಿಯುವುದು, ಗಾಯ ಮಾಡುವುದು, ಮೊಟ್ಟೆ ಎತ್ತುವುದು ಎಲ್ಲವೂ ಅಪರಾಧ. ಹಾವೇರಿ ಜಿಲ್ಲೆಯ ಬಂಕಾಪುರ ಕೋಟೆಯಲ್ಲಿ ಅವಕ್ಕೆಂದೇ ಧಾಮವಿದೆ. ಕೆಲಗೇರಿ ಅಂಚಿನಲ್ಲಿ ಅವುಗಳ ಓಡಾಟ ಹೊಸದೇನಲ್ಲ, ಹೊಲವಿದ್ದಲ್ಲಿ ನಾವು ಮನೆ ಕಟ್ಟಿದ್ದೇವೆ. ಅವು ಹಾರಬಲ್ಲವಾದರೂ ದಿನಾ ಒಂದೇ ದಾರಿಯಲ್ಲಿ ನಡೆದು ಬರಲು ಇಷ್ಟಪಡುತ್ತವೆ. ಬೇಲಿಯ ಆ ಸಂದಿ ಯಾವುದೆಂದು ನೋಡಿ ಮುಚ್ಚಿ. ಬೆಳಿಗ್ಗೆ ಆ ಹೊತ್ತಿಗೆ ನಾಯಿಯನ್ನು ಸರಪಳಿ ಹಾಕಿಯೇ ಅಂಗಳದಲ್ಲಿ ಕಟ್ಟಿ, ಅದರ ದನಿಯೇ ಸಾಕು. ಎರಡು ಸಲ ಬಂದು ಹೋದದ್ದಕ್ಕೆ ಇದಕ್ಕಿಂತ ಹೆಚ್ಚು ಮಾಡುವ ಅಗತ್ಯ ನನಗೆ ಕಾಣುವುದಿಲ್ಲ.

ಬರುವ ಭಾನುವಾರ ಸಂಜೆ ಆ ಮೂರು ಚೌಕ ತೆಗೆದು ನೋಡಿ, ಎಷ್ಟು ಹುಳು ಸಿಕ್ಕವು, ಅದರಲ್ಲಿ ಬೆನ್ನಿನ ಮೇಲೆ ತೆವಳಿದವು ಎಷ್ಟು ಅಂತ ಬರೆದು ಕಳಿಸಿ. ಒಂದೂ ಸಿಗದಿದ್ದರೆ ಅದನ್ನೂ ಬರೆಯಿರಿ. ಆಗ ಗೆದ್ದಲಿದೆಯೋ, ಮಣ್ಣು ಸದಾ ನೀರು ನಿಂತು ಎರೆಹುಳು ಮೇಲೆ ಬರುತ್ತಿವೆಯೋ ನೋಡಬೇಕಾಗುತ್ತದೆ, ಅದರ ದಾರಿ ಬೇರೆ.